ಕಟ್ಟುವ ಮುನ್ನ ಕಾಣುವ ಮನೆ: ಗಣಕಚಿತ್ರದಲ್ಲಿ ಕಲ್ಲು, ಗಾರೆ, ಹೆಂಚಿನ ನಿಜರೂಪ

ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದ ಅಮೃತೇಶ್ವರ ದೇವಾಲಯವಿದೆ. ಕ್ರಿ.ಶ. 1196ರಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಈ ಗುಡಿಯ ಮಂಟಪದೊಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಸಾಲುಸಾಲಾಗಿ ನಿಂತ, ತಿರುಗಣೆಯಲ್ಲಿ ಕಡೆದ ಕಂಬಗಳು. ಎಂಟು ಶತಮಾನ ಕಳೆದರೂ ಅವುಗಳ ಮೈ ಹೊಳೆಯುತ್ತದೆ. ಹೊರಗೆ ಬಂದು ಗೋಡೆಯನ್ನು ನೋಡಿದರೆ ಅಲ್ಲಿಯೂ ಅದೇ ಬಳಪದ ಕಲ್ಲು. ಆದರೆ ಮಳೆ ಬಿಸಿಲುಗಳಿಗೆ ಒಡ್ಡಿಕೊಂಡ ಆ ಗೋಡೆಯಲ್ಲಿ ಕಂಬದ ಹೊಳಪಿಲ್ಲ. ಕಲ್ಲು ಒಂದೇ ಜಾತಿಯದಾದರೂ ಮೇಲ್ಮೈ ನುಣುಪಾದಲ್ಲಿ ಬೆಳಕು ಒಂದು ಬಗೆಯಾಗಿ, ಒರಟಾದಲ್ಲಿ ಇನ್ನೊಂದು ಬಗೆಯಾಗಿ ಮರಳುತ್ತದೆ.

ಹೊಯ್ಸಳ ಶಿಲ್ಪಿ ತಿರುಗಣೆಯಿಂದ ಸಾಧಿಸಿದ ಈ ವ್ಯತ್ಯಾಸವನ್ನು ಇಂದಿನ ವಿನ್ಯಾಸಕಾರ ಗಣಕಯಂತ್ರದ ಪರದೆಯ ಮೇಲೆ ಒಂದು ಪಟ್ಟಿಯನ್ನು ಎಡಕ್ಕೋ ಬಲಕ್ಕೋ ಸರಿಸಿ ತೋರಿಸುತ್ತಾನೆ. ಕಡೂರು, ತರೀಕೆರೆ, ಅಜ್ಜಂಪುರಗಳಂತಹ ಊರುಗಳಲ್ಲಿಯೂ ಈಗ ಮನೆ ಕಟ್ಟಲು ಹೊರಟವರಿಗೆ ಕೇವಲ ನೀಲನಕ್ಷೆ ಸಾಲದು. ಪಾಯ ತೋಡುವ ಮುನ್ನವೇ 'ತ್ರೀಡಿ ಎಲಿವೇಷನ್' ಎಂಬ ಬಣ್ಣದ ಚಿತ್ರ ಕೈಸೇರಬೇಕು. ಊರಿನಲ್ಲಿ ತಂದೆತಾಯಿ, ಬೆಂಗಳೂರಿನಲ್ಲೋ ಹೊರದೇಶದಲ್ಲೋ ಮಕ್ಕಳು ಇರುವ ಕುಟುಂಬಗಳಲ್ಲಂತೂ ಆ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ, 'ಹೀಗೇ ಇರಲಿ' ಎಂಬ ಒಪ್ಪಿಗೆ ಪಡೆಯುತ್ತದೆ. ಅಡಿಕೆ, ತೆಂಗಿನ ಹಲವು ವರ್ಷಗಳ ಆದಾಯವೋ ಬ್ಯಾಂಕಿನ ದೀರ್ಘಾವಧಿ ಸಾಲವೋ ಆ ಒಂದು ಚಿತ್ರದ ಮೇಲೆ ನಿಂತಿರುತ್ತದೆ.

ಕಟ್ಟಿದ ಮನೆ ಚಿತ್ರದಂತೆ ಕಾಣದಿದ್ದಾಗ ದೂರು ಸಾಮಾನ್ಯವಾಗಿ ಮೇಸ್ತ್ರಿಯ ಮೇಲೆ, ಬಣ್ಣದ ಅಂಗಡಿಯ ಮೇಲೆ ಹೋಗುತ್ತದೆ. ಎಷ್ಟೋ ಸಲ ತಪ್ಪು ಇರುವುದು ಚಿತ್ರದಲ್ಲಿಯೇ. ಚಿತ್ರದೊಳಗಿನ ವಸ್ತುಗಳಿಗೆ ಗುಣಗಳನ್ನು ಹೊಂದಿಸಿದ ರೀತಿ, ಅವುಗಳನ್ನು ಯಾವ ಬೆಳಕಿನಲ್ಲಿ ಪರೀಕ್ಷಿಸಲಾಯಿತು ಎಂಬುದು ಮನೆಯವರಿಗೆ ತಿಳಿಯುವುದೇ ಇಲ್ಲ. ಆ ವಿಧಾನದ ಪರಿಚಯ ಇಲ್ಲಿದೆ.

ರೆಂಡರಿಂಗ್ ಎಂದರೇನು?

ಮನೆಯ ಗೋಡೆ, ಬಾಗಿಲು, ಸೂರುಗಳ ಆಕಾರವನ್ನು ಗಣಕಯಂತ್ರದಲ್ಲಿ ಮೂರು ಆಯಾಮಗಳಲ್ಲಿ ರಚಿಸುವುದು ಮೊದಲ ಹಂತ. ಈ ಆಕಾರಕ್ಕೆ ಬಣ್ಣವಿಲ್ಲ, ಹೊಳಪಿಲ್ಲ. ಇದು ಕಲ್ಲು, ಇದು ಗಾಜು, ಇದು ಹಿತ್ತಾಳೆ ಎಂದು ಪ್ರತಿಯೊಂದು ಮೇಲ್ಮೈಗೂ ಗುಣ ನಿಗದಿಪಡಿಸುವುದು ಎರಡನೆಯ ಹಂತ. ಇದನ್ನೇ ತಂತ್ರಾಂಶಗಳು 'ಮೆಟೀರಿಯಲ್' ಎನ್ನುತ್ತವೆ. ಸೂರ್ಯ, ಆಕಾಶ, ದೀಪಗಳನ್ನು ಇರಿಸಿ, ಬೆಳಕು ಈ ಮೇಲ್ಮೈಗಳಿಗೆ ತಾಗಿ ನೋಡುವವನ ಕಣ್ಣಿಗೆ ಹೇಗೆ ತಲುಪುತ್ತದೆ ಎಂದು ಲೆಕ್ಕ ಹಾಕಿ ಚಿತ್ರ ತೆಗೆಯುವುದು ಕೊನೆಯ ಹಂತ. ಅದೇ ರೆಂಡರಿಂಗ್.

ಈ ಲೆಕ್ಕಾಚಾರಕ್ಕೆ ಅರ್ಧ ಶತಮಾನದ ಇತಿಹಾಸವಿದೆ. ವಿಯೆಟ್ನಾಂ ಮೂಲದ ಬುಯಿ ತುವಾಂಗ್ ಫಾಂಗ್ ಎಂಬ ಸಂಶೋಧಕ ಅಮೆರಿಕದ ಯುಟಾ ವಿಶ್ವವಿದ್ಯಾಲಯದಲ್ಲಿ ರೂಪಿಸಿ 1975ರಲ್ಲಿ ಪ್ರಕಟಿಸಿದ ಸೂತ್ರವು ಗಣಕಚಿತ್ರದ ವಸ್ತುಗಳಿಗೆ ಮೊದಲ ಬಾರಿಗೆ ನಂಬುವಂತಹ ಹೊಳಪು ತಂದಿತು. ಅದೇ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂವೆಲ್ 1975ರಲ್ಲಿ ರಚಿಸಿದ ಚಹಾದ ಕೂಜೆಯ ಆಕಾರವು ಮುಂದೆ ಜಗತ್ತಿನೆಲ್ಲೆಡೆ ಹೊಳಪು, ನೆರಳು ಪರೀಕ್ಷಿಸುವ ಮಾದರಿಯಾಯಿತು. 1986ರಲ್ಲಿ ಜೇಮ್ಸ್ ಕಜಿಯಾ ಬೆಳಕಿನ ಹರಿವನ್ನು ಒಂದೇ ಸಮೀಕರಣದಲ್ಲಿ ಕಟ್ಟಿಕೊಟ್ಟರು. 1998ರಲ್ಲಿ ಪಾಲ್ ಡೆಬೆವೆಕ್ ನಿಜವಾದ ಸ್ಥಳದ ಛಾಯಾಚಿತ್ರವನ್ನೇ ಬೆಳಕಿನ ಆಕರವಾಗಿ ಬಳಸುವ ದಾರಿ ತೋರಿದರು. 2012ರಲ್ಲಿ ಡಿಸ್ನಿ ಸಂಸ್ಥೆಯ ಬ್ರೆಂಟ್ ಬರ್ಲಿ, ಭೌತಶಾಸ್ತ್ರದ ಹತ್ತಾರು ಅಂಶಗಳನ್ನು ಕಲಾವಿದರಿಗೆ ಅರ್ಥವಾಗುವ ಕೆಲವೇ ಪಟ್ಟಿಗಳಿಗೆ ಇಳಿಸಿದ ಮಾದರಿಯನ್ನು ಮಂಡಿಸಿದರು. ಇಂದಿನ ಬಹುತೇಕ ತಂತ್ರಾಂಶಗಳಲ್ಲಿ ಕಾಣುವ ಪಟ್ಟಿಗಳು ಈ ಪರಂಪರೆಯವೇ. 2002ರಿಂದ ಮುಕ್ತ ತಂತ್ರಾಂಶವಾಗಿ ದೊರೆಯುತ್ತಿರುವ ಬ್ಲೆಂಡರ್ 2017ರ ಆವೃತ್ತಿಯಲ್ಲಿ ಇದೇ ಮಾದರಿಯನ್ನು ಅಳವಡಿಸಿಕೊಂಡಿತು. ಹೀಗಾಗಿ ದೊಡ್ಡ ನಗರದ ಸ್ಟುಡಿಯೋ ಬಳಸುವ ಸಾಧನವೇ ಅಜ್ಜಂಪುರದ ಒಂದು ಗಣಕಯಂತ್ರದಲ್ಲಿಯೂ ಹಣ ತೆರದೆ ಲಭ್ಯವಾಯಿತು.

ಮೊದಲ ಗುಣ: ಮೂಲ ಬಣ್ಣ

ವಸ್ತುವಿನ ಮೂಲ ಬಣ್ಣವೆಂದರೆ ನೆರಳು, ಹೊಳಪು ಎರಡನ್ನೂ ಕಳೆದು ಉಳಿಯುವ ಬಣ್ಣ. ಇಲ್ಲಿ ಆಗುವ ಸಾಮಾನ್ಯ ತಪ್ಪು ಅತಿ ಬಿಳುಪು ಮತ್ತು ಅತಿ ಕಪ್ಪು. ಹೊಸದಾಗಿ ಬಿಳಿ ಬಣ್ಣ ಬಳಿದ ಗೋಡೆಯೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು 80 ಭಾಗವನ್ನಷ್ಟೇ ಹಿಂದಿರುಗಿಸುತ್ತದೆ. ಪರದೆಯ 0ಯಿಂದ 255ರ ಅಳತೆಯಲ್ಲಿ ಇದು 230ರ ಆಸುಪಾಸು. ಗೋಡೆಗೆ 255 ಎಂದು ಕೊಟ್ಟರೆ ಕೋಣೆಯ ಬೆಳಕು ಗೋಡೆಯಿಂದ ಗೋಡೆಗೆ ಪುಟಿದು ಕಡಿಮೆಯಾಗುವುದೇ ಇಲ್ಲ. ಚಿತ್ರದಲ್ಲಿ ಕತ್ತಲೆ ಮೂಲೆಗಳು ಮಾಯವಾಗಿ, ಇಕ್ಕಟ್ಟಾದ ಹಜಾರವೂ ವಿಶಾಲವಾಗಿ, ಪ್ರಕಾಶಮಾನವಾಗಿ ಕಾಣುತ್ತದೆ. ಹಾಗೆಯೇ ಇದ್ದಿಲಿನಂತಹ ಕಪ್ಪು ವಸ್ತುವೂ ನೂರಕ್ಕೆ ನಾಲ್ಕು ಭಾಗದಷ್ಟು ಬೆಳಕನ್ನು ಮರಳಿಸುವುದರಿಂದ ಕಪ್ಪು ಗ್ರಾನೈಟಿಗೆ ಸೊನ್ನೆ ಕೊಡುವುದು ಸರಿಯಲ್ಲ.

ನಿಜವಾದ ಕಲ್ಲು, ಮರದ ಛಾಯಾಚಿತ್ರ ತೆಗೆದು ಮೇಲ್ಮೈಗೆ ಹೊದಿಸುವಾಗ ಬಿಸಿಲಿನಲ್ಲಿ ಕ್ಲಿಕ್ಕಿಸಿದ ಚಿತ್ರ ಬೇಡ. ಅದರಲ್ಲಿ ಆಗಲೇ ನೆರಳಿರುತ್ತದೆ. ರೆಂಡರಿಂಗ್‌ನಲ್ಲಿ ಇನ್ನೊಂದು ನೆರಳು ಬಿದ್ದು ಮೇಲ್ಮೈ ಕೊಳೆಯಾದಂತೆ ಕಾಣುತ್ತದೆ. ಮೋಡ ಮುಸುಕಿದ ಹೊತ್ತಿನಲ್ಲಿ, ಇಲ್ಲವೇ ತೆರೆದ ನೆರಳಿನಲ್ಲಿ, ಫ್ಲಾಶ್ ಇಲ್ಲದೆ ನೇರವಾಗಿ ಎದುರಿನಿಂದ ತೆಗೆದ ಚಿತ್ರವೇ ಯೋಗ್ಯ.

ಎರಡನೆಯ ಗುಣ: ಒರಟುತನ

ಅಮೃತಾಪುರದ ಕಂಬಕ್ಕೂ ಗೋಡೆಗೂ ಇರುವ ವ್ಯತ್ಯಾಸ ಇದೇ. ತಂತ್ರಾಂಶಗಳಲ್ಲಿ 'ರಫ್‌ನೆಸ್' ಎಂಬ ಹೆಸರಿನ ಈ ಪಟ್ಟಿ 0ಯಿಂದ 1ರವರೆಗೆ ಸರಿಯುತ್ತದೆ. ಸೊನ್ನೆ ಎಂದರೆ ಕನ್ನಡಿಯಂತಹ ನುಣುಪು, ಒಂದು ಎಂದರೆ ಸಂಪೂರ್ಣ ಮಂಕು. ಮೇಲ್ಮೈ ನುಣುಪಾದಷ್ಟೂ ಕಿಟಕಿಯ ಪ್ರತಿಬಿಂಬ ಸ್ಪಷ್ಟ. ಒರಟಾದಷ್ಟೂ ಅದೇ ಬೆಳಕು ಹರಡಿ ಮಸುಕಾಗುತ್ತದೆ. ಪಟ್ಟಿ ಸರಿಸುವುದಕ್ಕೆ ಆರಂಭದ ಅಂದಾಜುಗಳು ಹೀಗಿರಬಹುದು:

ಸುಣ್ಣ ಬಳಿದ ಗೋಡೆ: 0.9
ಮಂಗಳೂರು ಹೆಂಚು: 0.8
ಬಣ್ಣ ಬಳಿದ ಮರದ ಬಾಗಿಲು: 0.4
ಬಳಸಿ ನುಣುಪಾದ ಕೆಂಪು ಗಾರೆ ನೆಲ: 0.3
ಪಾಲಿಶ್ ಮಾಡಿದ ಗ್ರಾನೈಟ್: 0.1
ಹೊಳಪಿನ ವಿಟ್ರಿಫೈಡ್ ಟೈಲ್ಸ್: 0.05ರಿಂದ 0.1

ಇವು ಅಂತಿಮ ಸಂಖ್ಯೆಗಳಲ್ಲ. ನಿಜವಾದ ತುಣುಕನ್ನು ಪಕ್ಕದಲ್ಲಿಟ್ಟು ತಿದ್ದಿಕೊಳ್ಳಬೇಕಾದ ಆರಂಭಬಿಂದುಗಳು. ಕೆಲವು ತಂತ್ರಾಂಶಗಳಲ್ಲಿ ಇದೇ ಗುಣ 'ಗ್ಲಾಸಿನೆಸ್' ಎಂಬ ಹೆಸರಿನಲ್ಲಿ ತಲೆಕೆಳಗಾಗಿ ಇರುತ್ತದೆ ಎಂಬುದನ್ನು ನೆನಪಿಡಬೇಕು. ಅಲ್ಲಿ 1 ಎಂದರೆ ಕನ್ನಡಿ. ವಿ-ರೇ ತಂತ್ರಾಂಶದಲ್ಲಿ ಎರಡರಲ್ಲಿ ಯಾವುದನ್ನು ಬೇಕಾದರೂ ಆರಿಸಿಕೊಳ್ಳುವ ಅವಕಾಶವಿದೆ. ಒಂದು ಕಡೆಯ ಸಂಖ್ಯೆಯನ್ನು ಇನ್ನೊಂದು ಕಡೆ ಯೋಚಿಸದೆ ಬರೆದರೆ ಸುಣ್ಣದ ಗೋಡೆ ಕನ್ನಡಿಯಾದೀತು.

ನಿಜಜೀವನದಲ್ಲಿ ಯಾವ ಮೇಲ್ಮೈಯೂ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಹಳೆಯ ಮನೆಯ ಕೆಂಪು ಗಾರೆ ನೆಲದಲ್ಲಿ ಜನ ಓಡಾಡುವ ದಾರಿ ಹೊಳೆಯುತ್ತದೆ, ಮೂಲೆ ಮಂಕಾಗಿರುತ್ತದೆ. ಇದನ್ನು ಚಿತ್ರದಲ್ಲಿ ತರಲು ಕಪ್ಪುಬಿಳುಪಿನ ಒಂದು ನಕ್ಷೆಯನ್ನು ಒರಟುತನದ ಪಟ್ಟಿಗೆ ಜೋಡಿಸುತ್ತಾರೆ. ಈ ನಕ್ಷೆ ಬಣ್ಣವಲ್ಲ, ಅಳತೆ. ಆದ್ದರಿಂದ ಬ್ಲೆಂಡರ್‌ನಲ್ಲಿ ಅದನ್ನು 'ನಾನ್ ಕಲರ್' ಎಂದು ಗುರುತಿಸದಿದ್ದರೆ ಲೆಕ್ಕವೇ ಬದಲಾಗಿ ಹೊಳಪು ತಪ್ಪುತ್ತದೆ.

ಮೂರನೆಯ ಗುಣ: ಲೋಹವೋ ಅಲ್ಲವೋ

'ಮೆಟಾಲಿಕ್' ಎಂಬ ಪಟ್ಟಿಗೆ ಇರುವುದು ವಾಸ್ತವದಲ್ಲಿ ಎರಡೇ ಉತ್ತರ: ಲೋಹವಾದರೆ 1, ಅಲ್ಲವಾದರೆ 0. ಲೋಹವಲ್ಲದ ವಸ್ತುವಿನ ಪ್ರತಿಬಿಂಬಕ್ಕೆ ವಸ್ತುವಿನ ಬಣ್ಣ ಅಂಟುವುದಿಲ್ಲ. ಕೆಂಪು ನೆಲದಲ್ಲಿ ಕಾಣುವ ಕಿಟಕಿಯ ಹೊಳಪು ಬಿಳಿಯೇ. ಲೋಹದಲ್ಲಿ ಹಾಗಲ್ಲ. ಹಿತ್ತಾಳೆಯ ಚಿಲಕದಲ್ಲಿ ಕಾಣುವ ಪ್ರತಿಬಿಂಬಕ್ಕೂ ಹಿತ್ತಾಳೆಯ ಹಳದಿ ಬರುತ್ತದೆ. ಕಿಟಕಿಯ ಕಬ್ಬಿಣದ ಸರಳುಗಳಿಗೆ 1 ಕೊಡುವುದು ಪದೇ ಪದೇ ಕಾಣುವ ತಪ್ಪು. ಸರಳಿನ ಒಳಗೆ ಕಬ್ಬಿಣವಿದ್ದರೂ ಕಣ್ಣಿಗೆ ಕಾಣುವುದು ಅದರ ಮೇಲಿನ ಬಣ್ಣ. ಬಣ್ಣ ಲೋಹವಲ್ಲ. ಅಲ್ಲಿ ಸೊನ್ನೆಯೇ ಸರಿ. ಬಣ್ಣವಿಲ್ಲದ ಸ್ಟೀಲ್ ಕಂಬಿಗೆ ಮಾತ್ರ 1 ಒಪ್ಪುತ್ತದೆ.

ನಾಲ್ಕನೆಯ ಗುಣ: ನೋಡುವ ಕೋನ

ಕಡೂರು ತಾಲೂಕಿನ ಅಯ್ಯನಕೆರೆಯ ದಂಡೆಯಲ್ಲಿ ನಿಂತವರಿಗೆ ಕಾಲಬುಡದ ನೀರಿನಲ್ಲಿ ತಳದ ಕಲ್ಲು ಕಾಣುತ್ತದೆ. ದೂರದ ನೀರಿನಲ್ಲಿ ಕಾಣುವುದು ಗುಡ್ಡ ಮತ್ತು ಆಕಾಶ. ನೀರು ಅದೇ, ಕೋನ ಬೇರೆ. ನೇರವಾಗಿ ನೋಡಿದಾಗ ನೀರು ನೂರಕ್ಕೆ ಎರಡು ಭಾಗದಷ್ಟು ಬೆಳಕನ್ನು ಮಾತ್ರ ಪ್ರತಿಫಲಿಸುತ್ತದೆ, ಗಾಜು ಸುಮಾರು ನಾಲ್ಕು ಭಾಗ. ಓರೆಯಾದಂತೆಲ್ಲ ಪ್ರತಿಫಲನ ಏರುತ್ತಾ ಹೋಗುತ್ತದೆ. ಫ್ರಾನ್ಸಿನ ಭೌತವಿಜ್ಞಾನಿ ಫ್ರೆನೆಲ್ 19ನೇ ಶತಮಾನದಲ್ಲಿ ವಿವರಿಸಿದ ಈ ನಿಯಮವನ್ನು ತಂತ್ರಾಂಶಗಳು ವಕ್ರೀಭವನ ಸೂಚ್ಯಂಕದ ಮೂಲಕ ಅನುಸರಿಸುತ್ತವೆ. ನೀರಿಗೆ 1.33, ಕಿಟಕಿಯ ಗಾಜಿಗೆ 1.5 ಎಂದಿಟ್ಟರೆ ಸಾಕು. ಟೈಲ್ಸ್, ಬಣ್ಣ ಮುಂತಾದ ಹೆಚ್ಚಿನ ವಸ್ತುಗಳೂ 1.5ರ ಸುತ್ತಮುತ್ತಲೇ ಬರುತ್ತವೆ. ಹೊಳಪು ಸಾಲದು ಎನಿಸಿದಾಗ ಈ ಸಂಖ್ಯೆಯನ್ನು ಏರಿಸುವುದಕ್ಕಿಂತ ಒರಟುತನವನ್ನು ತಗ್ಗಿಸುವುದು ವಿಹಿತ.

ಇದರಿಂದ ಮನೆಯವರಿಗೂ ಒಂದು ಪಾಠವಿದೆ. ಬಾಗಿಲಲ್ಲಿ ನಿಂತು ಕೋಣೆಯ ಉದ್ದಕ್ಕೂ ನೋಡಿದ ಚಿತ್ರದಲ್ಲಿ ನೆಲ ಕನ್ನಡಿಯಂತೆ ಹೊಳೆಯುತ್ತದೆ. ಅದೇ ನೆಲವನ್ನು ಮೇಲಿನಿಂದ ನೋಡಿದಾಗ ಆ ಹೊಳಪಿಲ್ಲ. ಅಂಗಡಿಯಲ್ಲಿ ಟೈಲ್ಸ್ ತುಣುಕನ್ನು ಕೈಯಲ್ಲಿ ಹಿಡಿದು ನೇರವಾಗಿ ನೋಡಿದವರಿಗೆ ಅದು ಚಿತ್ರಕ್ಕಿಂತ ಮಂಕಾಗಿ ಕಾಣುವುದು ಈ ಕಾರಣದಿಂದಲೇ. ತುಣುಕನ್ನು ಕಣ್ಣಿನ ಮಟ್ಟಕ್ಕೆ ತಂದು ಓರೆಯಾಗಿ ಹಿಡಿದರೆ ಹೋಲಿಕೆ ಸರಿಯಾಗುತ್ತದೆ.

ಐದನೆಯ ಗುಣ: ಉಬ್ಬುತಗ್ಗು ಮತ್ತು ಅಳತೆ

ಒರಟು ಕಲ್ಲಿನ ಗೋಡೆಯ ಪ್ರತಿಯೊಂದು ಉಬ್ಬನ್ನೂ ಆಕಾರವಾಗಿ ರಚಿಸಿದರೆ ಗಣಕಯಂತ್ರಕ್ಕೆ ಹೊರೆ. ಆದ್ದರಿಂದ ಬಂಪ್ ಅಥವಾ ನಾರ್ಮಲ್ ನಕ್ಷೆಯ ಮೂಲಕ ಬೆಳಕಿಗೆ ಮಾತ್ರ ಉಬ್ಬುತಗ್ಗಿನ ಭಾಸ ಕೊಡಲಾಗುತ್ತದೆ. ಇದರ ಪ್ರಮಾಣ ಸ್ವಲ್ಪ ಹೆಚ್ಚಾದರೂ ನಯವಾದ ಗಾರೆಯ ಗೋಡೆ ಸಿಡುಬು ಎದ್ದಂತಾಗುತ್ತದೆ. ಚೂಪಾದ ಅಂಚುಗಳನ್ನು ತುಸು ದುಂಡಗಾಗಿಸುವುದೂ ಅಗತ್ಯ. ನಿಜವಾದ ಕಲ್ಲಿನ ಮೆಟ್ಟಿಲಿನ ಅಂಚು ಎಂದೂ ಅಲಗಿನಂತೆ ಇರುವುದಿಲ್ಲ. ಅದು ಬೆಳಕಿನ ಒಂದು ಸಣ್ಣ ಗೆರೆಯನ್ನು ಹಿಡಿದಿಡುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ ಅಳತೆ. ಎರಡು ಅಡಿ ಚೌಕದ ಟೈಲ್ಸ್ ಹಾಸಿದ 12 ಅಡಿ ಅಗಲದ ಹಜಾರದಲ್ಲಿ ಅಡ್ಡಸಾಲಿಗೆ ಆರು ಟೈಲ್ಸ್ ಬರಬೇಕು. ಚಿತ್ರದಲ್ಲಿ ಮೂರೋ ನಾಲ್ಕೋ ಇದ್ದರೆ ಕೋಣೆ ಚಿಕ್ಕದಾಗಿ, ಎಂಟು ಹತ್ತು ಇದ್ದರೆ ದೊಡ್ಡದಾಗಿ ಭಾಸವಾಗುತ್ತದೆ. ಬಾಸೆಲ್ ಮಿಷನ್ 19ನೇ ಶತಮಾನದಲ್ಲಿ ಕರಾವಳಿಯಲ್ಲಿ ಆರಂಭಿಸಿದ ಕಾರ್ಖಾನೆಗಳಿಂದ ಹೆಸರಾದ ಮಂಗಳೂರು ಹೆಂಚಿನ ಒಂದು ಪ್ರಚಲಿತ ಅಳತೆ ಸುಮಾರು 41 ಸೆಂಟಿಮೀಟರ್ ಉದ್ದ, 23.5 ಸೆಂಟಿಮೀಟರ್ ಅಗಲ. ಒಂದರ ಮೇಲೊಂದು ಕೂರುವುದರಿಂದ ಹೊರಗೆ ಕಾಣುವ ಭಾಗ ಇನ್ನೂ ಕಡಿಮೆ. ಹೆಂಚಿನ ಸಾಲುಗಳನ್ನು ಎಣಿಸಿದರೆ ಚಿತ್ರದ ಸೂರು ನಿಜವೋ ಅಲ್ಲವೋ ಎಂಬುದು ಯಾರಿಗಾದರೂ ತಿಳಿಯುತ್ತದೆ.

ಮುನ್ನೋಟ: ಗೋಲದಿಂದ ಕೋಣೆಗೆ

ಗುಣಗಳನ್ನು ಹೊಂದಿಸುವಾಗ ಪ್ರತಿ ಬಾರಿಯೂ ಪೂರ್ಣ ಚಿತ್ರ ತೆಗೆಯುವುದು ಕಾಲಹರಣ. ಅದಕ್ಕಾಗಿಯೇ ಮುನ್ನೋಟದ ಸೌಲಭ್ಯವಿದೆ. ತಂತ್ರಾಂಶದ ಒಂದು ಮೂಲೆಯಲ್ಲಿ ಸಣ್ಣ ಗೋಲವೊಂದರ ಮೇಲೆ ವಸ್ತುವಿನ ರೂಪ ಕಾಣುತ್ತದೆ. ಬಣ್ಣ, ಹೊಳಪುಗಳ ಸ್ಥೂಲ ಪರೀಕ್ಷೆಗೆ ಗೋಲ ಸಾಕು. ಆದರೆ ನೆಲ ಗೋಲವಲ್ಲ. ಚಪ್ಪಟೆಯಾದ ಮೇಲ್ಮೈಗೆ ಚಪ್ಪಟೆ ಮಾದರಿಯನ್ನೇ ಆರಿಸಬೇಕು.

ಮುಂದಿನ ಮೆಟ್ಟಿಲು ಕೋಣೆಯೊಳಗಿನ ಮುನ್ನೋಟ. ಬ್ಲೆಂಡರ್‌ನಲ್ಲಿ 'ಮೆಟೀರಿಯಲ್ ಪ್ರಿವ್ಯೂ' ಎಂಬ ನೋಟವಿದ್ದು, ಅದು ಮೂಲ ಸ್ಥಿತಿಯಲ್ಲಿ ತನ್ನದೇ ಆದ ಸಿದ್ಧ ಬೆಳಕನ್ನು ಬಳಸುತ್ತದೆಯೇ ಹೊರತು ವಿನ್ಯಾಸಕಾರ ಇರಿಸಿದ ಸೂರ್ಯ, ದೀಪಗಳನ್ನಲ್ಲ. ಆ ಸಿದ್ಧ ಬೆಳಕಿನಲ್ಲಿ ಎಲ್ಲವೂ ಚೆಂದ. ಅಲ್ಲಿಗೇ ತೃಪ್ತರಾಗದೆ ದೃಶ್ಯದ ಸ್ವಂತ ಬೆಳಕನ್ನು ಹಚ್ಚಿ ನೋಡುವುದು, ಅನಂತರ 'ರೆಂಡರ್ಡ್' ನೋಟಕ್ಕೆ ಹೋಗಿ ಚಿತ್ರದ ಒಂದು ಸಣ್ಣ ಚೌಕವನ್ನಷ್ಟೇ ಪೂರ್ಣ ಗುಣಮಟ್ಟದಲ್ಲಿ ತೆಗೆದು ಪರೀಕ್ಷಿಸುವುದು ಕ್ರಮಬದ್ಧ ವಿಧಾನ. ಕಾಳುಕಾಳಾದ ಚಿತ್ರವನ್ನು ನಯಗೊಳಿಸುವ ಡಿನಾಯ್ಸರ್ ಸೌಲಭ್ಯವು ಕಲ್ಲಿನ ಸೂಕ್ಷ್ಮ ಕಣಗಳನ್ನೂ ಅಳಿಸಿಬಿಡಬಲ್ಲದು. ಆದ್ದರಿಂದ ಮೇಲ್ಮೈಯ ಸೂಕ್ಷ್ಮಗಳನ್ನು ಪರೀಕ್ಷಿಸುವಾಗ ಅದನ್ನು ಆರಿಸಿರುವುದು ಲೇಸು.

ವಸ್ತುಗಳನ್ನು ಹೊದಿಸುವ ಮುನ್ನ ಇಡೀ ಮನೆಗೆ ಒಂದೇ ಬೂದು ಬಣ್ಣ ಕೊಟ್ಟು ಚಿತ್ರ ತೆಗೆಯುವ ಪದ್ಧತಿಯೂ ಇದೆ. ಬೆಳಕಿನ ದೋಷ ಯಾವುದು, ವಸ್ತುವಿನ ದೋಷ ಯಾವುದು ಎಂದು ಬೇರ್ಪಡಿಸಲು ಇದು ನೆರವಾಗುತ್ತದೆ. ಬಳಿಕ ದೊಡ್ಡ ಮೇಲ್ಮೈಗಳಿಂದ ಆರಂಭಿಸಬೇಕು: ಮೊದಲು ನೆಲ, ಆಮೇಲೆ ಗೋಡೆ, ಸೂರು, ಕೊನೆಗೆ ಚಿಲಕ, ದೀಪ, ಪರದೆ. ಏಕೆಂದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ. ಕೆಂಪು ಗಾರೆಯ ಮೇಲೆ ಬಿದ್ದ ಬಿಸಿಲು ಪಕ್ಕದ ಬಿಳಿ ಗೋಡೆಗೆ ನಸುಗೆಂಪು ಬಳಿಯುತ್ತದೆ. ಗೋಡೆಯ ಬಣ್ಣವನ್ನು ಪ್ರತ್ಯೇಕವಾಗಿ ಆರಿಸಿ ಅಂತಿಮಗೊಳಿಸಿದವರಿಗೆ ಇದು ತಿಳಿಯುವುದು ಗೃಹಪ್ರವೇಶದ ದಿನವೇ.

ಕಡೂರಿನ ಸೂರ್ಯ

ವಸ್ತುವಿನ ಗುಣ ಎಷ್ಟೇ ಕರಾರುವಾಕ್ಕಾಗಿದ್ದರೂ ಬೆಳಕು ಬೇರೆ ದೇಶದ್ದಾದರೆ ಚಿತ್ರ ಸುಳ್ಳಾಗುತ್ತದೆ. ಊರಿನ ಅಕ್ಷಾಂಶ, ರೇಖಾಂಶ, ದಿಕ್ಕು, ದಿನಾಂಕಗಳನ್ನು ನಮೂದಿಸಿದರೆ ಸೂರ್ಯನ ಸ್ಥಾನವನ್ನು ತಂತ್ರಾಂಶವೇ ಲೆಕ್ಕ ಹಾಕುತ್ತದೆ. ನಮೂದಿಸದಿದ್ದರೆ ತಂತ್ರಾಂಶ ತಯಾರಾದ ದೂರದ ಊರಿನ ಸೂರ್ಯನೇ ಉಳಿಯುವ ಸಂಭವವಿದೆ.

ಕಡೂರು ಸುಮಾರು 13.5 ಡಿಗ್ರಿ, ತರೀಕೆರೆ ಮತ್ತು ಅಜ್ಜಂಪುರ ಸುಮಾರು 13.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಡಿಸೆಂಬರ್ ಮೂರನೆಯ ವಾರದ ನಡುಹಗಲಿನಲ್ಲಿ ಇಲ್ಲಿ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಹತ್ತು ಅಡಿ ಎತ್ತರದ ಗೋಡೆಯ ನೆರಳು ಆಗ ಏಳೂವರೆ ಅಡಿಯಷ್ಟು ಚಾಚುತ್ತದೆ. ಅಮೆರಿಕದ 40 ಡಿಗ್ರಿ ಅಕ್ಷಾಂಶದ ಊರಿನಲ್ಲಿ ಅದೇ ದಿನ ಅದೇ ಗೋಡೆಯ ನೆರಳು 20 ಅಡಿ. ಆ ಇಳಿಬಿಸಿಲಿನಲ್ಲಿ ಗೋಡೆಯ ಕಲ್ಲಿನ ಉಬ್ಬುತಗ್ಗು ಸುಂದರವಾಗಿ ಎದ್ದು ಕಾಣುತ್ತದೆ; ಕಡೂರಿನ ನಡುಹಗಲಿನಲ್ಲಿ ಆ ಸೊಬಗು ದೊರೆಯದು.

ಇನ್ನೊಂದು ವಿಶೇಷವೆಂದರೆ, ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯಭಾಗದಲ್ಲಿ ಇಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಇವೆರಡರ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲಿರುವುದರಿಂದ ಉತ್ತರದ ಗೋಡೆಗೂ ಬಿಸಿಲು ತಾಗುತ್ತದೆ. 40 ಡಿಗ್ರಿಯ ಊರಿನಲ್ಲಿ ನಡುಹಗಲಿಗೆ ಹೀಗಾಗುವುದು ಎಂದೂ ಸಾಧ್ಯವಿಲ್ಲ. ಉತ್ತರದ ಗೋಡೆ ಸದಾ ನೆರಳಿನಲ್ಲಿರುತ್ತದೆಂದು ನಂಬಿ ಬೇಗ ಮಾಸುವ ಬಣ್ಣ ಆರಿಸುವುದಕ್ಕೆ ಮುನ್ನ ಮೇ ತಿಂಗಳ ಚಿತ್ರವನ್ನೂ ತೆಗೆದು ನೋಡುವುದು ಸೂಕ್ತ.

ಗಡಿಯಾರದ ಲೆಕ್ಕವನ್ನೂ ಮರೆಯಬಾರದು. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದ್ದು, ಈ ಮೂರು ಊರುಗಳು 76 ಡಿಗ್ರಿಯ ಆಸುಪಾಸಿನಲ್ಲಿವೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿನ ನಡುಹಗಲು ಸರಾಸರಿ 12 ಗಂಟೆ 26 ನಿಮಿಷಕ್ಕೆ. ಋತುವಿಗೆ ತಕ್ಕಂತೆ ಕೆಲವು ನಿಮಿಷ ಹಿಂದುಮುಂದಾಗುತ್ತದೆ.

ಬಿಸಿಲಿನ ಚಿತ್ರದೊಂದಿಗೆ ಮೋಡದ ಚಿತ್ರವೂ ಇರಲಿ. ತರೀಕೆರೆಯಂತಹ ಅರೆಮಲೆನಾಡಿನ ಮಳೆಗಾಲದ ಬೂದು ಬೆಳಕಿನಲ್ಲಿ ಕಪ್ಪು ಕಲ್ಲಿನ ಪಡಸಾಲೆ ಹೇಗೆ ಕಾಣುತ್ತದೆಂಬುದು ಮುಖ್ಯ. ರಾತ್ರಿಯ ದೀಪದ ಪರೀಕ್ಷೆಯೂ ಅಷ್ಟೇ ಅಗತ್ಯ. 3000 ಕೆಲ್ವಿನ್ ಬಣ್ಣದ ದೀಪ ಹಳದಿ ಛಾಯೆಯದು, 6500 ಕೆಲ್ವಿನ್ ದೀಪ ನೀಲಿ ಬಿಳುಪಿನದು. ಚಿತ್ರದಲ್ಲಿ ಹಳದಿ ದೀಪದ ಕೆಳಗೆ ಬೆಚ್ಚಗೆ ಕಂಡ ಮರದ ಬಾಗಿಲು, ಮನೆಯಲ್ಲಿ ಬಿಳಿ ಎಲ್‌ಇಡಿ ಹಾಕಿದಾಗ ಬೂದಿ ಬಳಿದಂತಾಗಬಹುದು.

ಪರದೆಯಿಂದ ಕೈಗೆ

ತಂತ್ರಾಂಶದೊಳಗಿನ ಬೆಳಕಿನ ಲೆಕ್ಕ ಪರದೆಯ ಮಿತಿಯನ್ನು ಮೀರಿದ್ದು. ಅದನ್ನು ಪರದೆಗೆ ಇಳಿಸುವಾಗ ಒಂದು ಪರಿವರ್ತನೆ ನಡೆಯುತ್ತದೆ. ಬ್ಲೆಂಡರ್‌ನಲ್ಲಿ ಮೊದಲು 'ಫಿಲ್ಮಿಕ್', 2023ರ 4.0 ಆವೃತ್ತಿಯಿಂದ 'ಎಜಿಎಕ್ಸ್' ಎಂಬ ಪರಿವರ್ತನೆಗಳು ಮೂಲ ಸ್ಥಿತಿಯಲ್ಲಿ ಬರುತ್ತವೆ. ಇವು ಕಣ್ಣು ಕುಕ್ಕುವ ಬೆಳಕನ್ನು ಹದಗೊಳಿಸುತ್ತವೆ, ಜೊತೆಗೆ ಗಾಢ ಬಣ್ಣಗಳನ್ನು ತುಸು ತಗ್ಗಿಸುತ್ತವೆ. ಬಣ್ಣದ ಕಂಪನಿಯ ಪಟ್ಟಿಯಿಂದ ಆರಿಸಿದ ಕೆಂಪು ಚಿತ್ರದಲ್ಲಿ ಪೇಲವವಾದರೆ ಕಾರಣ ವಸ್ತುವಿನ ಪಟ್ಟಿಯಲ್ಲ, ಈ ಪರಿವರ್ತನೆಯೇ ಇರಬಹುದು. ಮೂಲ ಬಣ್ಣವನ್ನು ಇನ್ನಷ್ಟು ಗಾಢಗೊಳಿಸಿ ತೇಪೆ ಹಾಕುವ ಮುನ್ನ ಇದನ್ನು ಪರಿಶೀಲಿಸಬೇಕು.

ಚಿತ್ರ ಮೊಬೈಲಿನಲ್ಲಿ ರವಾನೆಯಾಗುವಾಗ ಗಾತ್ರ ಕುಗ್ಗಿ ಸೂಕ್ಷ್ಮ ವಿವರಗಳು ಅಳಿಯುತ್ತವೆ. ಒಂದೊಂದು ಪರದೆಯೂ ಒಂದೊಂದು ಬಣ್ಣ ತೋರುತ್ತದೆ, ಮುದ್ರಿಸಿದ ಕಾಗದ ಇನ್ನೊಂದು. ಆದ್ದರಿಂದ ಬಣ್ಣದ ಅಂತಿಮ ಒಪ್ಪಿಗೆ ಚಿತ್ರದ ಮೇಲಲ್ಲ, ಗೋಡೆಗೆ ಬಳಿದ ಎರಡು ಅಡಿ ಚೌಕದ ಮಾದರಿಯ ಮೇಲೆ ಆಗಬೇಕು.

ಹೊಳಪಿನ ಬೆಲೆ

ಚಿತ್ರ ಸುಂದರವಾಗಿ ಕಾಣಲಿ ಎಂದು ಒರಟುತನದ ಪಟ್ಟಿಯನ್ನು ಸೊನ್ನೆಯತ್ತ ಸರಿಸುವುದು ಸುಲಭದ ಪ್ರಲೋಭನೆ. ಪರದೆಯ ಮೇಲೆ ಅದು ಬೆರಳಿನ ಒಂದು ಚಲನೆ, ಮನೆಯಲ್ಲಿ ಅದು ಕಾಲ ಕೆಳಗಿನ ನೆಲ. ಹೊಳೆಯುವ ಪೋರ್ಟಿಕೊ, ಮಿಂಚುವ ಮೆಟ್ಟಿಲುಗಳ ಚಿತ್ರ ಮೆಚ್ಚಿ ಅದೇ ಪಾಲಿಶ್ ಕಲ್ಲನ್ನು ಮಳೆಯ ಇರಚಲು ಹೊಡೆಯುವ ಜಗುಲಿಗೆ ಹಾಸಿದರೆ, ಒದ್ದೆಯಾದಾಗ ಜಾರುವವರು ಮನೆಯ ಹಿರಿಯರು. ಜಗುಲಿ, ಮೆಟ್ಟಿಲು, ಬಚ್ಚಲುಮನೆ, ಹಿತ್ತಲಿನ ಕಟ್ಟೆಗಳಿಗೆ ಒರಟು ಮೇಲ್ಮೈಯ ಕಲ್ಲು ಅಥವಾ ಜಾರದ ಟೈಲ್ಸನ್ನೇ ಆರಿಸಿ, ಚಿತ್ರದಲ್ಲಿಯೂ ಅದನ್ನೇ ತೋರಿಸುವುದು ವಿನ್ಯಾಸಕಾರನ ಹೊಣೆ.

ಬಣ್ಣದ ವಿಷಯದಲ್ಲೂ ಹೀಗೆಯೇ. ಗಾಢ ಕಪ್ಪು ಕಲ್ಲು ಚಿತ್ರದ ಅಂಗಳದಲ್ಲಿ ಗಂಭೀರವಾಗಿ ಒಪ್ಪುತ್ತದೆ. ಬೆಳಕನ್ನು ಹೆಚ್ಚು ಹೀರುವ ಮೇಲ್ಮೈ ಬಿಸಿಯನ್ನೂ ಹೆಚ್ಚು ಹೀರುತ್ತದೆ. ಕಡೂರಿನ ಬಯಲು ಬಿಸಿಲಿನಲ್ಲಿ ಅಂತಹ ಅಂಗಳದ ಮೇಲೆ ಮಧ್ಯಾಹ್ನ ಬರಿಗಾಲಿನಲ್ಲಿ ನಿಲ್ಲಲಾಗದು. ಯಾವ ರೆಂಡರಿಂಗೂ ಕಾಲಿಗೆ ಬಿಸಿ ಮುಟ್ಟಿಸುವುದಿಲ್ಲ.

ಒಪ್ಪಿಗೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮನೆ ಕಟ್ಟಿಸುವವರು ತಂತ್ರಾಂಶ ಕಲಿಯಬೇಕಾಗಿಲ್ಲ. ಚಿತ್ರವನ್ನು ಒಪ್ಪುವ ಮುನ್ನ ಕೆಲವು ಪ್ರಶ್ನೆ ಕೇಳಿದರೆ ಸಾಕು.

1. ಚಿತ್ರದ ಸೂರ್ಯ ನಮ್ಮ ಊರಿನವನೇ? ಯಾವ ತಿಂಗಳು, ಎಷ್ಟು ಗಂಟೆ?
2. ಬಿಸಿಲು, ಮೋಡ, ರಾತ್ರಿ ಮೂರರಲ್ಲಿಯೂ ಇದೇ ಕೋಣೆಯ ಚಿತ್ರವಿದೆಯೇ?
3. ಚಿತ್ರದ ನೆಲ ಯಾವ ವಸ್ತು, ಯಾವ ಅಳತೆ, ಪಾಲಿಶ್ ಮಾಡಿದ್ದೋ ಒರಟೋ?
4. ಆ ವಸ್ತುವಿನ ನಿಜವಾದ ತುಣುಕು ಎಲ್ಲಿದೆ? ಅದನ್ನು ಒದ್ದೆ ಮಾಡಿ ನೋಡಲಾಗಿದೆಯೇ?
5. ಐದು ಮಳೆಗಾಲ ಕಳೆದ ಮೇಲೆ ಈ ಗೋಡೆ, ಈ ಹೆಂಚು ಹೇಗಿರುತ್ತವೆ?

ಇವುಗಳ ಉತ್ತರವನ್ನು ಚಿತ್ರದ ಕೆಳಗೇ ಬರೆಸಿ, ಗುತ್ತಿಗೆಯ ಕರಾರಿಗೆ ಲಗತ್ತಿಸುವುದು ಕ್ಷೇಮ. 'ಚಿತ್ರದಲ್ಲಿದ್ದಂತೆ' ಎಂಬ ಮಾತಿಗೆ ಆಮೇಲೆ ಎರಡು ಅರ್ಥ ಬರುವುದಿಲ್ಲ.

ದೂರದ ಊರಿನಿಂದ ಒಪ್ಪಿಗೆ ಕೊಡುವ ಮಕ್ಕಳು ಚಿತ್ರದ ಜೊತೆಗೆ ಇನ್ನೊಂದನ್ನೂ ಕೇಳಬಹುದು. ಆರಿಸಿದ ಟೈಲ್ಸ್ ಅಥವಾ ಕಲ್ಲಿನ ತುಣುಕನ್ನು ಮನೆ ಏಳಲಿರುವ ನಿವೇಶನದಲ್ಲಿಯೇ ಇಟ್ಟು, ಬೆಳಿಗ್ಗೆ, ನಡುಹಗಲು, ಸಂಜೆ ಒಂದೊಂದು ಛಾಯಾಚಿತ್ರ ತೆಗೆದು ಕಳುಹಿಸುವಂತೆ ಊರಿನಲ್ಲಿರುವವರಿಗೆ ಹೇಳಬೇಕು. ಅದರ ಮೇಲೆ ಒಂದು ತಂಬಿಗೆ ನೀರು ಸುರಿದು, ತಂದೆಯೋ ತಾಯಿಯೋ ಯಾರದಾದರೂ ತೋಳು ಹಿಡಿದುಕೊಂಡು ಪಾದವಿಟ್ಟು ನೋಡಲಿ. ಹೊಳಪು ಎಷ್ಟಿರಬೇಕೆಂಬುದನ್ನು ಅವರ ಉತ್ತರ ಕೇಳಿದ ಮೇಲೆ ತೀರ್ಮಾನಿಸಬಹುದು.